ನೆಲ ಒಬ್ಬರದು, ಕಟ್ಟಡ ಇನ್ನೊಬ್ಬರದು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಜಯನಗರಗಳ ಅಡ್ಡರಸ್ತೆಗಳಲ್ಲಿ ಓಡಾಡುವವರಿಗೆ ಈ ದೃಶ್ಯ ಹೊಸದಲ್ಲ. ಹಳೆಯ ಮನೆ, ಮುಂದೆ ಪಾರಿಜಾತದ ಗಿಡ, ಹಿತ್ತಲಲ್ಲಿ ಒಂದೆರಡು ತೆಂಗು. ಒಂದು ದಿನ ಅದರ ಸುತ್ತ ತಗಡಿನ ಮರೆ ಏಳುತ್ತದೆ. ವರ್ಷ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ನಾಲ್ಕು ಅಂತಸ್ತು, ಎಂಟು ಮನೆ, ಕೆಳಗೆ ಕಾರು ನಿಲ್ಲಿಸಲು ಕಂಬಗಳ ನಡುವಿನ ಜಾಗ. ಕಟ್ಟಿದವರು ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಡುವ ಕಂಪೆನಿಯವರಲ್ಲ. ಒಬ್ಬ ಎಂಜಿನಿಯರು, ದುಡ್ಡು ಹಾಕಿದ ಇಬ್ಬರು ಮೂವರು ನೆಂಟರು ಅಥವಾ ಸ್ನೇಹಿತರು, ನಂಬಿಕೆಯ ಒಬ್ಬ ಮೇಸ್ತ್ರಿ, ಇಷ್ಟೇ ಬಳಗ. ವಿಶೇಷವೆಂದರೆ, ಹೆಚ್ಚಿನ ಸಂದರ್ಭಗಳಲ್ಲಿ ಆ ನೆಲವನ್ನು ಇವರು ಕೊಂಡೇ ಇರುವುದಿಲ್ಲ.

ಮನೆ ಕಟ್ಟಿ ಬಾಡಿಗೆಯಿಂದ ಬದುಕುವುದು ಈ ಊರಿಗೆ ಹಳೆಯ ಸಂಗತಿ. ನಡುವೆ ಅಂಗಳ, ಸುತ್ತ ಎರಡೆರಡು ಕೋಣೆಯ ಮನೆಗಳು, ಮುಂಭಾಗದಲ್ಲಿ ಮಾಲೀಕರ ವಾಸ: ಇದು ವಠಾರ. ಕೈಯಲ್ಲಿ ಹಣವಿಲ್ಲದ ಮಾಲೀಕರಿಗೆ ಭೋಗ್ಯವೆಂಬ ಉಪಾಯವೂ ಇತ್ತು, ಈಗಲೂ ಇದೆ. ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟವರು ಬಾಡಿಗೆಯಿಲ್ಲದೆ ವಾಸಿಸುತ್ತಾರೆ. ಅವಧಿ ಮುಗಿದಾಗ ಮೊತ್ತ ವಾಪಸು. ಬಡ್ಡಿಯೇ ಬಾಡಿಗೆ. ಬ್ಯಾಂಕಿನ ಬಾಗಿಲು ತಟ್ಟದೆ ಮೇಲಂತಸ್ತು ಕಟ್ಟಿಕೊಂಡವರು ಎಷ್ಟೋ ಮಂದಿ. ಅದೇ ಮನೆಯನ್ನು ಮಾಲೀಕ ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ ಮಾತ್ರ, ನೋಂದಣಿಯಾಗದ ಕರಾರು ಹಿಡಿದು ಕೂತ ಭೋಗ್ಯದಾರರ ಪಾಡು ಕಷ್ಟ.

ವಠಾರದಲ್ಲಿ ನೆಲ, ಗೋಡೆ, ಬಾಡಿಗೆ ಎಲ್ಲವೂ ಒಬ್ಬರದೇ. ಅಪಾರ್ಟ್‌ಮೆಂಟು ಈ ಮೂರನ್ನೂ ಬೇರೆ ಬೇರೆ ಮಾಡಿತು. ಚಿಕ್ಕ ಬಿಲ್ಡರನ ವ್ಯವಹಾರ ನಿಂತಿರುವುದು ‘ಜಂಟಿ ಅಭಿವೃದ್ಧಿ ಕರಾರಿ’ನ ಮೇಲೆ. ಜಾಗ ಮಾಲೀಕರದು, ಕಟ್ಟುವ ಖರ್ಚು ಬಿಲ್ಡರನದು, ಎದ್ದ ಮನೆಗಳಲ್ಲಿ ಇಬ್ಬರಿಗೂ ಪಾಲು. ಪಾಲೆಷ್ಟು ಎಂಬುದನ್ನು ತೀರ್ಮಾನಿಸುವುದು ನೆಲದ ಬೆಲೆ. ಬಡಾವಣೆ ಹಳೆಯದಾದಷ್ಟೂ ಮಾಲೀಕರ ಕೈ ಮೇಲು.

ಒಂದು ಊಹೆಯ ಲೆಕ್ಕ ಹಾಕಿ ನೋಡೋಣ. ಅರವತ್ತು ನಲವತ್ತರ ಸೈಟು, ಅಂದರೆ 2,400 ಚದರಡಿ. ಎಂಟು ಮನೆ, ಪಾಲು ಸಮಸಮ. ಒಂದು ಮನೆ ಕಟ್ಟಲು 30 ಲಕ್ಷ ಎಂದಿಟ್ಟುಕೊಂಡರೆ ಬಿಲ್ಡರನ ಖರ್ಚು 240 ಲಕ್ಷ. ಅವನು ಮಾರಬಹುದಾದ್ದು ಮಾತ್ರ ನಾಲ್ಕೇ ಮನೆ. ತಲಾ 60 ಲಕ್ಷಕ್ಕೆ ಮಾರಿದರೆ ಅಸಲು ಹುಟ್ಟಿತು, ಅಷ್ಟೆ. 80 ಲಕ್ಷಕ್ಕೆ ಮಾರಿದರೆ ಕಾಗದದ ಮೇಲೆ 80 ಲಕ್ಷ ಲಾಭ. ಆದರೆ ಅರ್ಧ ಹಣವನ್ನು ನೂರಕ್ಕೆ 18ರ ಬಡ್ಡಿಗೆ ತಂದಿದ್ದರೆ ಪ್ರತಿವರ್ಷ 21 ಲಕ್ಷದ 60 ಸಾವಿರ ಬಡ್ಡಿಗೇ ಹೋಗುತ್ತದೆ. ಎರಡು ವರ್ಷ ತಡವಾದರೆ ಲಾಭದ ಅರ್ಧಕ್ಕಿಂತ ಹೆಚ್ಚು ಮಾಯ. ಮಾಲೀಕರು ಬೇರೆಡೆ ವಾಸಿಸುವಷ್ಟು ಕಾಲ ಅವರ ಬಾಡಿಗೆಯನ್ನೂ ಅನೇಕ ಕರಾರುಗಳಲ್ಲಿ ಇವನೇ ಕಟ್ಟಬೇಕು. ಈ ಕಸುಬಿನಲ್ಲಿ ಸಿಮೆಂಟು, ಕಬ್ಬಿಣಕ್ಕಿಂತ ತುಟ್ಟಿಯಾದದ್ದು ಕಾಲ.

ತಡವಾಗುವುದು ಎಲ್ಲಿ? ಮಳೆಯಿಂದ, ಮರಳಿನ ಅಭಾವದಿಂದ ಕೆಲವು ವಾರ. ಮನೆತನದ ಕಾಗದಪತ್ರದಿಂದ ಹಲವು ವರ್ಷ. ಮೂಲಪತ್ರ, ಖಾತೆ, ಋಣಭಾರ ಪತ್ರ, ವಂಶವೃಕ್ಷ ಇವನ್ನೆಲ್ಲ ವಕೀಲರು ಕೇಳುವುದು ಶಾಸ್ತ್ರಕ್ಕಲ್ಲ. ಮುಖ್ಯವಾಗಿ ವಂಶವೃಕ್ಷ. ಒಂದು ಕಾಲಕ್ಕೆ ಪಿತ್ರಾರ್ಜಿತ ಮನೆಗೆ ಅಣ್ಣತಮ್ಮಂದಿರ ಸಹಿ ಸಾಕೆಂಬ ಭಾವನೆಯಿತ್ತು. ಕರ್ನಾಟಕವು 1994ರಲ್ಲಿ ಜಾರಿಗೆ ತಂದ ತಿದ್ದುಪಡಿ ಅವಿಭಕ್ತ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಉಳಿಯಲಿಲ್ಲ. ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಅಂದಮೇಲೆ ನಲವತ್ತು ವರ್ಷದ ಹಿಂದೆ ಶಿವಮೊಗ್ಗಕ್ಕೋ ಧಾರವಾಡಕ್ಕೋ ಮದುವೆಯಾಗಿ ಹೋದ ಅಕ್ಕನನ್ನು ಕೇಳದೆ ಕರಾರಿಗೆ ಸಹಿ ಹಾಕಿಸಿಕೊಂಡ ಬಿಲ್ಡರ್, ಮೂರನೆಯ ಅಂತಸ್ತಿನ ಸೆಂಟ್ರಿಂಗ್ ಕಟ್ಟುವ ಹೊತ್ತಿಗೆ ನ್ಯಾಯಾಲಯದ ತಡೆಯಾಜ್ಞೆ ನೋಡಬೇಕಾದೀತು. ಅಕ್ಕನದು ತಕರಾರು ಎಂದು ಗೊಣಗುವುದು ರೂಢಿ. ಅವರು ಕೇಳುತ್ತಿರುವುದು ತಮ್ಮದನ್ನೇ.

ಇನ್ನು ಕೊಳ್ಳುವವರ ಮಾತು. ಮನೆ ನೋಡಲು ಹೋದವರು ಅಡುಗೆಮನೆಯ ಕಲ್ಲು, ಬಚ್ಚಲಿನ ನಲ್ಲಿ, ಪೂರ್ವದ ಬಾಗಿಲು ನೋಡುತ್ತಾರೆ. ಕ್ರಯಪತ್ರದ ಅನುಸೂಚಿಯಲ್ಲಿರುವ ‘ಅವಿಭಜಿತ ಪಾಲು’ ಎಂಬುದನ್ನು ಓದುವವರು ಕಡಿಮೆ. ಮೇಲಿನ ಲೆಕ್ಕದಲ್ಲಿ ಎಂಟೂ ಮನೆ ಸಮನಾಗಿದ್ದರೆ ಒಂದೊಂದಕ್ಕೆ 300 ಚದರಡಿ ನೆಲ. ಅದು ಸೈಟಿನ ಯಾವ ಮೂಲೆಯಲ್ಲಿದೆಯೆಂದು ಗೆರೆ ಎಳೆದು ತೋರಿಸಲಾಗದು. ಮನೆಯಿಂದ ಬೇರ್ಪಡಿಸಿ ಮಾರಲಾಗದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದನ್ನೇ ಹೇಳುತ್ತದೆ. ಗೋಡೆಗೆ ವಯಸ್ಸಾಗುತ್ತದೆ, ಬೆಲೆ ಇಳಿಯುತ್ತದೆ. ಬೆಲೆ ಏರುವುದು ಆ 300 ಅಡಿಯದು. ಎಂಟರ ಮೇಲೆ ಅನುಮತಿಯಿಲ್ಲದೆ ಒಂಬತ್ತನೆಯ ಮನೆಯನ್ನು ಏರಿಸಿ ಅದಕ್ಕೂ ಪಾಲು ಬರೆದರೆ, ಉಳಿದ ಎಂಟು ಮಂದಿಯ ನೆಲ ಅವರಿಗೆ ಗೊತ್ತಿಲ್ಲದೆಯೇ ಕರಗುತ್ತದೆ.

ಇದನ್ನೆಲ್ಲ ಕಾಯಲೆಂದೇ 2016ರಲ್ಲಿ ರೇರಾ ಕಾಯ್ದೆ ಬಂತಲ್ಲ ಎನ್ನಬಹುದು. ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70 ಪಾಲನ್ನು ಅದೇ ಕಟ್ಟಡದ ಪ್ರತ್ಯೇಕ ಖಾತೆಯಲ್ಲಿಡಬೇಕೆಂಬ ಒಳ್ಳೆಯ ನಿಯಮ ಅದರಲ್ಲಿದೆ. ಆದರೆ 500 ಚದರ ಮೀಟರ್ ಮೀರದ ಜಾಗಕ್ಕೆ, ಅಥವಾ ಎಂಟು ಮನೆ ಮೀರದ ಕಟ್ಟಡಕ್ಕೆ, ನೋಂದಣಿಯಿಂದ ವಿನಾಯಿತಿ. ಅರವತ್ತು ನಲವತ್ತರ ಸೈಟು ಸುಮಾರು 223 ಚದರ ಮೀಟರು. ನಮ್ಮ ಅಡ್ಡರಸ್ತೆಯ ಕಟ್ಟಡ ಕಾಯ್ದೆಯ ಬೇಲಿಯಾಚೆಯೇ ಉಳಿಯಿತು. ಚಿಕ್ಕವರಿಗೆ ಹೊರೆಯಾಗದಿರಲೆಂದು ಕೊಟ್ಟ ರಿಯಾಯಿತಿ ಇದು. ಅದರ ಅಪಾಯ ಮಾತ್ರ ಜೀವಮಾನದ ಉಳಿತಾಯ ತಂದು ಸುರಿಯುವವರ ಪಾಲಿಗೆ. ಅವರಿಗೆ ಉಳಿದಿರುವುದು ಗ್ರಾಹಕರ ನ್ಯಾಯಾಲಯ, ಸಿವಿಲ್ ದಾವೆ ಮತ್ತು ತಮ್ಮ ವಕೀಲರ ಎಚ್ಚರ.

ಸ್ವಾಧೀನಾನುಭವ ಪತ್ರದ ಕತೆಯೂ ಹೀಗೆಯೇ. ನಕ್ಷೆಯಂತೆ ಕಟ್ಟಿದ್ದಾರೆಂದು ಪಾಲಿಕೆ ಒಪ್ಪಿಕೊಡುವ ಈ ಪತ್ರವಿಲ್ಲದೆಯೇ ಎಷ್ಟೋ ಕಡೆ ಗೃಹಪ್ರವೇಶದ ಹೋಳಿಗೆ ಊಟ ಮುಗಿದಿದೆ. ಈ ಪತ್ರ ನೋಡಿದ ಮೇಲೆಯೇ ವಿದ್ಯುತ್ತು, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಿದಾಗ, ಚಿಕ್ಕ ಬಿಲ್ಡರುಗಳು ಗಾಬರಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಒಂದಡಿ ಹೆಚ್ಚು ಚಾಚಿದ ಬಾಲ್ಕನಿ, ಗೋಡೆ ಕಟ್ಟಿ ಬಾಡಿಗೆಗೆ ಕೊಟ್ಟ ಕಾರಿನ ಜಾಗ, ಇವೇ ಅನೇಕರ ಲಾಭದ ಮೂಲ.

ಕಟ್ಟಿದವನು ಪಾಲು ಮಾರಿಕೊಂಡು ಮುಂದಿನ ಸೈಟಿಗೆ ಹೋದ ಮೇಲೆ ಉಳಿಯುವುದು ಎಂಟು ಮನೆಯವರು, ಒಂದು ಸಂಪು, ಒಂದು ಲಿಫ್ಟು. ನಾಲ್ಕು ಮನೆ ಹಳೆಯ ಮಾಲೀಕರ ಕುಟುಂಬದ್ದೇ ಆದ್ದರಿಂದ ಸಂಘದ ಸಭೆಯಲ್ಲಿ ಅರ್ಧ ಮತ ಅವರದು. ತಾರಸಿ ಎಲ್ಲರದೋ ಅವರೊಬ್ಬರದೋ ಎಂಬ ಪ್ರಶ್ನೆ ಸಾಮಾನ್ಯವಾಗಿ ಮೊದಲ ಸಂಡಿಗೆ ಒಣಗಿಸುವ ಬೇಸಿಗೆಯಲ್ಲಿ ಏಳುತ್ತದೆ. ಉತ್ತರವಿರುವುದು ಯಾರೂ ಓದದ ಆ ಅನುಸೂಚಿಯಲ್ಲಿ.