ಒಂದು ಕೊಲೆ, ಒಂದು ಕಾದಂಬರಿ, ಅರವತ್ತು ವರ್ಷ

ಫ್ಲಾರಿಡಾದ ನೈರುತ್ಯ ಕರಾವಳಿಯ ಕಾಂಡ್ಲಾ ಕಾಡಿನ ನಡುವೆ ಚೊಕೊಲಾಸ್ಕಿ ಎಂಬ ಪುಟ್ಟ ದ್ವೀಪವಿದೆ. 1910ರ ಅಕ್ಟೋಬರ್ 24ರಂದು ಅಲ್ಲಿನ ಸ್ಮಾಲ್‌ವುಡ್ ಅಂಗಡಿಯ ಎದುರಿನ ದಡದಲ್ಲಿ ಎಡ್ಗರ್ ವಾಟ್ಸನ್ ಎಂಬ ಕಬ್ಬು ಬೆಳೆಗಾರನನ್ನು ಊರಿನವರೇ ಗುಂಪುಗೂಡಿ ಗುಂಡಿಟ್ಟು ಕೊಂದರು. ವಾರದ ಹಿಂದಷ್ಟೇ ಚಂಡಮಾರುತ ಆ ದ್ವೀಪಗಳನ್ನು ಜಾಲಾಡಿಸಿ ಹೋಗಿತ್ತು. ಅದೇ ಹೊತ್ತಿನಲ್ಲಿ ವಾಟ್ಸನ್ ತೋಟದಲ್ಲಿ ಕೊಲೆಗಳಾದ ಸುದ್ದಿ ಹಬ್ಬಿತ್ತು. ಕೊಂದವನು ತನ್ನ ಮೇಸ್ತ್ರಿ, ಅವನನ್ನು ನಾನೇ ಮುಗಿಸಿ ಬಂದೆ ಎಂದು ವಾಟ್ಸನ್ ಸಾಕ್ಷಿಗೆ ಒಂದು ಹ್ಯಾಟು ತೋರಿಸಿದ. ಯಾರೂ ನಂಬಲಿಲ್ಲ. ಅಂಗಡಿಯಲ್ಲಿ ಅವನಿಗೆ ಮಾರಿದ ತೋಟಾಗಳು ಬಿರುಗಾಳಿಯಲ್ಲಿ ನೆನೆದು ಉಬ್ಬಿದ್ದವು, ಅದಕ್ಕೇ ಅವನ ಬಂದೂಕು ಹಾರಲಿಲ್ಲ ಎಂಬ ಮಾತು ಇಂದಿಗೂ ಉಳಿದಿದೆ.

1940ರ ದಶಕದಲ್ಲಿ ಅದೇ ಕರಾವಳಿಯಲ್ಲಿ ದೋಣಿಯಲ್ಲಿ ಸಾಗುತ್ತಿದ್ದಾಗ ಒಬ್ಬ ತಂದೆ ತನ್ನ ಮಗನಿಗೆ ಚ್ಯಾಥಮ್ ನದಿಯ ಅಳಿವೆಯನ್ನು ತೋರಿಸಿ, ಒಳಗೊಂದು ಮನೆಯಿದೆ, ಅದರ ಯಜಮಾನನನ್ನು ನೆರೆಯವರೇ ಕೊಂದರಂತೆ ಎಂದಷ್ಟೇ ಹೇಳಿದರು. ಆ ಮಗ ಪೀಟರ್ ಮ್ಯಾಥಿಸೆನ್. ಅಂದು ಕೇಳಿದ ಮಾತು ಅವರ ಕೈಯಲ್ಲಿ ಕಾದಂಬರಿಯಾಗಿ ಕೊನೆಯ ರೂಪ ಪಡೆದದ್ದು 2008ರಲ್ಲಿ.

ನಡುವಿನ ಆ ಅರವತ್ತು ವರ್ಷಗಳಲ್ಲಿ ಲೋಕ ಅವರನ್ನು ಬೇರೆ ಕಾರಣಕ್ಕೆ ಗುರುತಿಸಿತು. 1927ರಲ್ಲಿ ನ್ಯೂಯಾರ್ಕಿನ ಉಳ್ಳವರ ಮನೆಯಲ್ಲಿ ಹುಟ್ಟಿ, ಯೇಲ್‌ನಲ್ಲಿ ಓದಿ, ಪ್ಯಾರಿಸ್ಸಿಗೆ ಹೋಗಿ 1953ರಲ್ಲಿ ಗೆಳೆಯರೊಂದಿಗೆ ‘ಪ್ಯಾರಿಸ್ ರಿವ್ಯೂ’ ಪತ್ರಿಕೆ ಕಟ್ಟಿದರು. ಆಗ ತಾವು ಸಿಐಎಗೂ ಕೆಲಸ ಮಾಡುತ್ತಿದ್ದುದನ್ನು ಬಹಳ ವರ್ಷಗಳ ನಂತರ ಅವರೇ ಒಪ್ಪಿಕೊಂಡರು. ಊರಿಗೆ ಮರಳಿದ ಮೇಲೆ ಹೊಟ್ಟೆಪಾಡಿಗೆ ಲಾಂಗ್ ಐಲೆಂಡಿನ ಬೆಸ್ತರ ಜೊತೆ ಮೀನು ಹಿಡಿದರು. ಆಮೇಲೆ ಒಂದು ಫೋರ್ಡ್ ಕಾರಿಗೆ ಪುಸ್ತಕ, ಬಂದೂಕು, ಮಲಗುವ ಚೀಲ ತುಂಬಿಕೊಂಡು ದೇಶದ ವನ್ಯಧಾಮಗಳನ್ನು ನೋಡುತ್ತ ಹೊರಟರು. ಅಮೆರಿಕದಲ್ಲಿ ಮನುಷ್ಯನ ಕೈಗೆ ಸಿಕ್ಕು ಅಳಿದ ಪ್ರಾಣಿಪಕ್ಷಿಗಳ ಚರಿತ್ರೆಯಾದ ‘ವೈಲ್ಡ್‌ಲೈಫ್ ಇನ್ ಅಮೆರಿಕ’ ಹುಟ್ಟಿದ್ದು ಆ ಅಲೆದಾಟದಿಂದ, 1959ರಲ್ಲಿ. 1973ರಲ್ಲಿ ಜೀವವಿಜ್ಞಾನಿ ಜಾರ್ಜ್ ಷಾಲರ್ ಜೊತೆ ನೇಪಾಳದ ಡೋಲ್ಪೊಗೆ ನಡೆದರು. ಹಿಂದಿನ ವರ್ಷವಷ್ಟೇ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಕಾಣುವ ಆಸೆಯಿದ್ದ ಹಿಮಚಿರತೆ ಕೊನೆಗೂ ಅವರ ಕಣ್ಣಿಗೆ ಬೀಳಲಿಲ್ಲ. ಆ ನಡಿಗೆಯ ಕಥನ ‘ದಿ ಸ್ನೋ ಲೆಪರ್ಡ್’ 1978ರಲ್ಲಿ ಬಂದಾಗ ಅವರ ಹೆಸರು ಮನೆಮಾತಾಯಿತು. ಆದರೆ ಮ್ಯಾಥಿಸೆನ್ ಕೊನೆಯವರೆಗೂ ತಮ್ಮನ್ನು ಕಾದಂಬರಿಕಾರ ಎಂದೇ ಭಾವಿಸಿದ್ದರು.

ಪ್ರಕೃತಿಯ ಬರಹಗಾರ, ಕಾದಂಬರಿಕಾರ ಎಂಬ ಇಬ್ಬರು ಮ್ಯಾಥಿಸೆನ್‌ರನ್ನು ಬೇರೆ ಮಾಡಿ ನೋಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ವಾಟ್ಸನ್ ಕಾಲದಲ್ಲಿ ಆ ಕರಾವಳಿಯ ಎವರ್‌ಗ್ಲೇಡ್ಸ್ ಜೌಗುನಾಡು ಹೇಗಿತ್ತೆಂದು ನೋಡಿ. ಹೆಂಗಸರ ಟೋಪಿಗಳಿಗೆ ಬೆಳ್ಳಕ್ಕಿಯ ಗರಿ ಬೇಕಿತ್ತು. ತೂಕಕ್ಕೆ ತೂಕ ಅದು ಚಿನ್ನಕ್ಕಿಂತ ದುಬಾರಿಯಾಗಿತ್ತು. ಆ ಸೊಗಸಾದ ಗರಿ ಮೂಡುವುದು ಗೂಡು ಕಟ್ಟುವ ಕಾಲದಲ್ಲಿ ಮಾತ್ರ. ಆದ್ದರಿಂದ ಬೇಟೆಗಾರರು ಗೂಡಿಗೇ ಬಂದು ತಾಯಿ ತಂದೆ ಹಕ್ಕಿಗಳನ್ನು ಹೊಡೆದು, ಗರಿ ಸುಲಿದು, ಉಳಿದದ್ದನ್ನು ಅಲ್ಲೇ ಎಸೆದು ಹೋಗುತ್ತಿದ್ದರು. ಮರಿಗಳು ಗೂಡಿನಲ್ಲೇ ಹಸಿದು ಸಾಯುತ್ತಿದ್ದವು. ತಡೆಯಲು ಹೋದ ಕಾವಲುಗಾರ ಗೈ ಬ್ರಾಡ್ಲಿ 1905ರಲ್ಲಿ ಗುಂಡಿಗೆ ಬಲಿಯಾದ. ವಾಟ್ಸನ್ ಕಬ್ಬು ಬೆಳೆದು ಪಾಕ ಕಾಯಿಸುತ್ತಿದ್ದ ಜಾಗವಾದರೂ ಹಿಂದೊಮ್ಮೆ ಅಲ್ಲಿನ ಮೂಲನಿವಾಸಿಗಳಾದ ಕಲೂಸಾ ಜನ ತಿಂದು ಎಸೆದ ಚಿಪ್ಪುಗಳು ರಾಶಿಬಿದ್ದು ಆದ ದಿಬ್ಬ. ಆ ಜನರ ಸಂತತಿಯೇ ಅಲ್ಲಿ ಉಳಿದಿರಲಿಲ್ಲ. ಹಕ್ಕಿಗಳ ಅಳಿವನ್ನು ಕಡತ ಕಡತವಾಗಿ ಓದಿ ಬರೆದವರಿಗಲ್ಲದೆ, ಒಂದು ಕೊಲೆಯ ಹಿಂದೆ ಇಷ್ಟು ಬಗೆಯ ಕೊಲ್ಲುವಿಕೆ ಹರಡಿರುವುದು ಕಾಣುವುದು ಕಷ್ಟ.

ಮ್ಯಾಥಿಸೆನ್ ಬರೆದದ್ದು ಒಂದೇ ದೊಡ್ಡ ಕಾದಂಬರಿ. ಗಾತ್ರಕ್ಕೆ ಹೆದರಿ ಅದನ್ನು ಮೂರು ಪುಸ್ತಕ ಮಾಡಿದರು. 1990ರ ‘ಕಿಲ್ಲಿಂಗ್ ಮಿಸ್ಟರ್ ವಾಟ್ಸನ್’ನಲ್ಲಿ ಊರಿನವರು ಒಬ್ಬೊಬ್ಬರಾಗಿ ತಮ್ಮ ತಮ್ಮ ನೆನಪು ಹೇಳುತ್ತಾರೆ. 1997ರದು ಮಗ ಲೂಸಿಯಸ್ ಅಪ್ಪನ ಜಾಡು ಹುಡುಕುವ ಕತೆ. 1999ರ ‘ಬೋನ್ ಬೈ ಬೋನ್’ ಸ್ವತಃ ವಾಟ್ಸನ್ ಬಾಯಲ್ಲಿ ಬರುತ್ತದೆ; ಸತ್ತದ್ದು ಹೇಗೆಂದು ನಮಗೆ ಮೊದಲೇ ಗೊತ್ತಿರುವವನ ಬಾಲ್ಯದ ಏಟುಗಳನ್ನು ಅಲ್ಲಿ ಓದುವಾಗ ಕೈ ನಡುಗುತ್ತದೆ.

ವಿಮರ್ಶಕರು ಹೊಗಳಿದರು. ಬರೆದವರಿಗೆ ಸಮಾಧಾನವಾಗಲಿಲ್ಲ. ಕಾದಂಬರಿಯನ್ನು ಕತ್ತರಿಸಿದ್ದೇ ತಪ್ಪು, ನಡುವಿನ ಭಾಗವಂತೂ ಸೊರಗಿದೆ ಎಂದು ಅನ್ನಿಸಿ, ಎಪ್ಪತ್ತು ದಾಟಿದ ಮೇಲೆ ಮೂರನ್ನೂ ಮತ್ತೆ ಬಿಚ್ಚಿ ಕೂತರು. ನೂರಾರು ಪುಟ ತೆಗೆದರು, ಸಾಲು ಸಾಲನ್ನೂ ತಿದ್ದಿದರು. ಹಾಗೆ ಬಂದದ್ದೇ ಸುಮಾರು 900 ಪುಟಗಳ ‘ಷ್ಯಾಡೊ ಕಂಟ್ರಿ’. ಅದಕ್ಕೆ 2008ರ ನ್ಯಾಷನಲ್ ಬುಕ್ ಅವಾರ್ಡ್ ಬಂದಾಗ ಅವರಿಗೆ 81 ವರ್ಷ. ಕಥನೇತರ ಬರಹಕ್ಕೂ ಕಾದಂಬರಿಗೂ ಆ ಪ್ರಶಸ್ತಿ ಪಡೆದವರು ಅವರೊಬ್ಬರೇ.

ಹಳೆಯ ಪುಸ್ತಕಗಳನ್ನೇ ತಿದ್ದಿದ್ದಕ್ಕೆ ಹೊಸ ಬಹುಮಾನ ಸರಿಯೇ ಎಂಬ ಪ್ರಶ್ನೆ ಆಗ ಎದ್ದಿತ್ತು. ಸರಿ ಎಂದೇ ನನ್ನ ಉತ್ತರ. ಊರಿನವರ ಮಾತು, ಮಗನ ಹುಡುಕಾಟ, ಅಪ್ಪನ ತಪ್ಪೊಪ್ಪಿಗೆ ಮೂರೂ ಒಂದೇ ರಟ್ಟಿನೊಳಗೆ ಕೂತಾಗಲೇ, ದಡದಲ್ಲಿ ಬಂದೂಕು ಹಿಡಿದು ನಿಂತವರ ಭಯ ಎಷ್ಟು, ದುರಾಸೆ ಎಷ್ಟು ಎಂದು ಓದುಗ ತಾನೇ ಅಳೆಯಬಹುದು.