ಮೊದಲ ಮನೆ: ಕಾಗದ, ಕಾಸು, ಎರೆಮಣ್ಣು

ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ಲಕ್ಷ್ಮೇಶ್ವರದಿಂದಲೋ ಬಂದು, ಪದವಿಯ ಬೆನ್ನಿಗೇ ದೊರೆತ ನೌಕರಿಯ ಸಂಬಳದಲ್ಲಿ ಗದಗ-ಬೆಟಗೇರಿಯೊಳಗೊಂದು ಸ್ವಂತ ಸೂರನ್ನು ಮಾಡಿಕೊಳ್ಳಬೇಕೆಂಬ ತರುಣ ತರುಣಿಯರ ಹಂಬಲವು ಸಹಜವೂ ಗೌರವಾರ್ಹವೂ ಆದುದು.

ಆದರೆ ಊರಂಚಿನ ಹೊಲವನ್ನು ಗುಂಟೆಗಳಾಗಿ ಸೀಳಿ, ಕಲ್ಲು ನೆಟ್ಟು, ಅಗ್ಗಕ್ಕೆ ಮಾರುವವರ ಮಾತಿಗೆ ಮರುಳಾಗುವ ಮುನ್ನ, ಆ ಭೂಮಿಯು ಬಿನ್‌ಶೇತ್ಕಿಯಾಗಿದೆಯೇ (ಕೃಷಿಯೇತರ ಬಳಕೆಗೆ ಪರಿವರ್ತನೆಗೊಂಡಿದೆಯೇ), ಬಡಾವಣೆಯ ನಕ್ಷೆಗೆ ಅನುಮೋದನೆ ದೊರೆತಿದೆಯೇ, ಇ-ಖಾತೆಯು ಮಾರುವವನ ಹೆಸರಿನಲ್ಲಿಯೇ ಇದೆಯೇ, ಋಣಭಾರ ಪತ್ರದಲ್ಲಿ ಹಳೆಯ ಅಡಮಾನವೇನಾದರೂ ಉಳಿದಿದೆಯೇ ಎಂಬುದನ್ನು ಕಣ್ಣಾರೆ ನೋಡತಕ್ಕದ್ದು. ಬರಿಯ ಪಹಣಿಯನ್ನು ನಂಬಿ ಮುಂಗಡ ಕೊಡಲಾಗದು.

ಸಾಲವು 30 ಲಕ್ಷ ರೂಪಾಯಿಗಳವರೆಗಿದ್ದಾಗ ರಿಸರ್ವ್ ಬ್ಯಾಂಕಿನ ನಿಯಮವು ಮನೆಯ ಬೆಲೆಯ ಶೇ. 90ರವರೆಗೆ ಮಾತ್ರ ಅವಕಾಶ ಕೊಡುವುದರಿಂದ, ಉಳಿದ ಪಾಲನ್ನೂ ಮುದ್ರಾಂಕ, ನೋಂದಣಿಗಳ ವೆಚ್ಚವನ್ನೂ ಮೊದಲೇ ಕೂಡಿಟ್ಟಿರಬೇಕು. ಅದನ್ನು ಅಧಿಕ ಬಡ್ಡಿಯ ಕೈಗಡದಿಂದ ತುಂಬುವುದಕ್ಕಿಂತ ಇನ್ನೆರಡು ವರ್ಷ ಬಾಡಿಗೆಯ ಮನೆಯಲ್ಲಿರುವುದೇ ಲೇಸೆಂದು ನಾನು ದೃಢವಾಗಿ ನಂಬಿದ್ದೇನೆ. ಸಾಲ ಬೇಕಾದರೂ ಕೈಗಡಕ್ಕಿಂತ ಸಹಕಾರದ ಹಾದಿ ಮೇಲು; 1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದ ಕಣಗಿನಹಾಳವು ಇದೇ ಗದಗ ತಾಲ್ಲೂಕಿನದಲ್ಲವೇ!

ಇನ್ನು ಮಣ್ಣಿನ ಮಾತು. ಈ ಸೀಮೆಯ ಎರೆಭೂಮಿಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಸ್ವಭಾವದ್ದಾದುದರಿಂದ, ಎರೆಯ ಪದರವನ್ನು ದಾಟಿ ಗಟ್ಟಿನೆಲ ಸಿಕ್ಕುವವರೆಗೆ ಅಡಿಪಾಯವನ್ನಿಳಿಸದ ಮನೆಯ ಗೋಡೆಗಳು ಕೆಲವೇ ವರ್ಷಗಳಲ್ಲಿ ಬಿರುಕು ಬಿಡಬಹುದು. ಆದಕಾರಣ ನಿವೇಶನವನ್ನು ಕೊಳ್ಳುವ ಮೊದಲು ಬಲ್ಲ ಇಂಜಿನಿಯರರನ್ನು ಕರೆದೊಯ್ದು, ಒಂದು ಗುಂಡಿ ತೋಡಿಸಿ, ಎರೆಯ ಆಳವನ್ನು ಅಳೆಸಿ, ಅಡಿಪಾಯದ ವೆಚ್ಚವನ್ನೂ ಬೆಲೆಗೆ ಸೇರಿಸಿಕೊಂಡು ಲೆಕ್ಕ ಹಾಕಿರಿ.