ಮಾವಿನ ಹುಳಿ, ಮಾವಿನ ಸಿಹಿ

ಆಳಂದ, ಅಫಜಲಪುರ, ಜೇವರ್ಗಿಗಳ ಕರಿಯ ನೆಲ ತೊಗರಿಗೆ ಹೆಸರಾದುದು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಬೇಸಗೆಯಲ್ಲಿ ಈ ಬೇಳೆಗೆ ಮಾವಿನಕಾಯಿ ಕೂಡಿತೆಂದರೆ ಜೋಳದ ರೊಟ್ಟಿಗೆ ಬೇರೆ ವ್ಯಂಜನ ಬೇಡವೆಂಬುದು ನಮ್ಮ ಮತ. ಆದರೆ ಹೋಳುಗಳನ್ನು ಮೊದಲೇ ಹಾಕತಕ್ಕದ್ದಲ್ಲ. ಬೇಳೆಯ ಕಣಗಳನ್ನು ಬೆಸೆದಿರುವ ಪೆಕ್ಟಿನ್ ಎಂಬ ವಸ್ತು ಹುಳಿಯಲ್ಲಿ ಸುಲಭವಾಗಿ ಕರಗದು. ಎಷ್ಟು ಉರಿ ಕೊಟ್ಟರೂ ಬೇಳೆ ಗಟ್ಟಿಯಾಗಿಯೇ ನಿಲ್ಲುವುದು. ಬೇಳೆ ಬೆಂದ ಮೇಲೆಯೇ ಕಾಯಿ ಬೀಳಬೇಕು. ಅದೇ ಪೆಕ್ಟಿನ್ ಗುಳಂಬದಲ್ಲಿ ಉಪಕಾರಿ: ತುರಿದ ಕಾಯಿ ಬೆಲ್ಲದೊಡನೆ ಕುದಿಯುವಾಗ ಪಾಕಕ್ಕೆ ಮೈ ಬರುವುದು ಅದರಿಂದಲೇ. ಬೆಲ್ಲವು ನೀರನ್ನು ಹಿಡಿದಿಡುವುದರಿಂದ ಬೂಷ್ಟು ಬೇಗ ತಗಲದು. ಹೋಳಿಗೆಯ ಸಂಗಡದ ಸೀಕರಣೆಗಾದರೋ ಚೆನ್ನಾಗಿ ಕಳಿತ ಹಣ್ಣೇ ಆಗಬೇಕು. ಹುಳಿ ಉಳಿದಿದ್ದರೆ ಹಾಲು ಒಡೆಯುವುದು, ಏಲಕ್ಕಿ ಎಷ್ಟು ಹಾಕಿದರೂ ಅದು ಮುಚ್ಚದು.